ಮಗಳ ಮೂಗು, ನನ್ನ ಡೌನ್‌ಪೈಪ್

ಕಾರಿನಲ್ಲಿ ಕೆಟ್ಟ ವಾಸನೆ ಬರುತ್ತದೆ ಎಂದು ಮಗಳು ನಾಲ್ಕು ತಿಂಗಳು ಹೇಳಿದಳು. ನಾಲ್ಕು ತಿಂಗಳೂ ನಾನು ಅವಳಿಗೇ ಬೈದೆ. ಈಗ ಬರೆಯಲು ಕೂತರೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ನಮ್ಮ ಮನೆಯಲ್ಲಿ ಕಾರಿನ ಹುಚ್ಚು ನನಗೊಬ್ಬಳಿಗೆ. ಅಪ್ಪ ಮಂಗಳೂರು-ಉಡುಪಿ ನಡುವೆ ಬಸ್ಸು ಓಡಿಸುತ್ತಿದ್ದರು. ಸದ್ದು ಕೇಳಿಯೇ ಬರುತ್ತಿರುವುದು ಯಾವ ಬಸ್ಸು ಎಂದು ಹೇಳುವುದು ನನಗೆ ಶಾಲೆ ಸೇರುವ ಮೊದಲೇ ಬರುತ್ತಿತ್ತು. ಗಂಡನಿಗೆ ಕಾರು ಎಂದರೆ ಎಸಿ ಇರುವ ಕುರ್ಚಿ, ಅಷ್ಟೆ. ಗಲ್ಫಿಗೆ ಬಂದು ಮಿರ್ದಿಫ್‌ನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಹತ್ತು ವರ್ಷ ದುಡಿದ ಮೇಲೆ ನಾನೊಂದು ಸೆಕೆಂಡ್‌ಹ್ಯಾಂಡ್ ಟರ್ಬೊ ಕಾರು ಕೊಂಡೆ. "ನಿನಗೆ ಬುದ್ಧಿ ಬರುವುದು ಯಾವಾಗ?" ಎಂದು ಅವನು ಕೇಳಿದ. "ಇದನ್ನು ಮಾರಿದ ದಿನ" ಎಂದೆ.

ಒಂದು ವರ್ಷ ಸುಮ್ಮನಿದ್ದೆ. ಆಮೇಲೆ ಡೌನ್‌ಪೈಪ್ ಬದಲಾಯಿಸುವ ಆಸೆ ಹತ್ತಿತು. ಟರ್ಬೊದಿಂದ ಹೊರಬೀಳುವ ಬಿಸಿ ಹೊಗೆಯನ್ನು ಕಾರಿನ ಹೊಟ್ಟೆಯ ಕೆಳಗೆ ಇಳಿಸುವ ಮೊದಲ ಕೊಳವೆಯೇ ಡೌನ್‌ಪೈಪ್. ಅದರ ನಡುವೆ ಉಬ್ಬಿದ ಒಂದು ಡಬ್ಬಿ ಇರುತ್ತದೆ. ಡಬ್ಬಿಯೊಳಗೆ ಜೇನುಗೂಡಿನಂಥ ಸಣ್ಣ ಜಾಲರಿ. ಕ್ಯಾಟಲಿಸ್ಟ್ ಎನ್ನುವುದು ಅದಕ್ಕೇ. ಹೊಗೆಯ ವಿಷವನ್ನು ಕಡಿಮೆ ಮಾಡುವುದು ಅದರ ಕೆಲಸ. ಕಂಪನಿಯವರು ಹಾಕಿಕೊಟ್ಟ ಜಾಲರಿ ಬಹಳ ಒತ್ತೊತ್ತು, ಎಂಜಿನ್ ಮೂಗು ಕಟ್ಟಿದವರ ಹಾಗೆ ಉಸಿರಾಡುತ್ತದೆ. ಹೊರಗೆ ಸಿಗುವ ಪೈಪು ಹಾಕಿದರೆ ಕಾರು ಹಗುರವಾಗಿ ಎಳೆಯುತ್ತದೆ, ಸದ್ದೂ ಗಂಭೀರವಾಗುತ್ತದೆ.

ಹೀಗೆ ಸಿಗುವುದರಲ್ಲಿ ಎರಡು ಜಾತಿ. ಜಾಲರಿಯೇ ಇಲ್ಲದ ಖಾಲಿ ಕೊಳವೆ ಒಂದು, ಅಗಲ ಕಣ್ಣಿನ ಜಾಲರಿ ಇರುವುದು ಇನ್ನೊಂದು. ಹುಡುಗರೆಲ್ಲ ಖಾಲಿಯದಕ್ಕೇ ಬೀಳುತ್ತಾರೆ, ಅದರ ಸದ್ದು ಜೋರು. ನನಗೆ ಅದು ಬೇಡವೇ ಬೇಡವಾಗಿತ್ತು. ಮಗಳಿಗೆ ಆಗ ಒಂಬತ್ತು ವರ್ಷ, ಚಿಕ್ಕಂದಿನಲ್ಲಿ ಉಬ್ಬಸದಿಂದ ಎರಡು ಸಲ ಆಸ್ಪತ್ರೆ ಸೇರಿದ್ದವಳು. ಅವಳ ಎದೆಯ ಎಕ್ಸ್‌ರೇಯನ್ನು ನಾನೇ ನಿಂತು ತೆಗೆದಿದ್ದೆ. ದಿನಾ ಅಲ್ ನಹ್ದಾದ ನಮ್ಮ ಮನೆಯಿಂದ ಶಾಲೆಗೆ ಅವಳು ಹೋಗುವುದು ಇದೇ ಕಾರಿನಲ್ಲಿ. ಎರಡು ವಾರ ಕೂತು ಓದಿ, ವೆಲ್ಡಿಂಗಿನ ಫೋಟೊಗಳನ್ನು ಹಿಗ್ಗಿಸಿ ನೋಡಿ, ಜಾಲರಿ ಇರುವ ಒಂದು ಒಳ್ಳೆಯ ಪೈಪನ್ನು ಆರಿಸಿದೆ. ಸೀರೆ ಆರಿಸಲೂ ನಾನು ಅಷ್ಟು ಹೊತ್ತು ತೆಗೆದುಕೊಂಡವಳಲ್ಲ.

ಅದನ್ನು ತರಿಸಿ ಹಾಕುವ ಕೆಲಸವನ್ನು ಮಗಳ ಜ್ಞಾನತಂದೆಗೆ ಒಪ್ಪಿಸಿದೆ. ನಮ್ಮ ಕ್ರೈಸ್ತರಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸುವ ದಿನ ಅದರ ಪರವಾಗಿ ಮಾತು ಕೊಟ್ಟು ನಿಲ್ಲುವವನು ಜ್ಞಾನತಂದೆ. ಊರಿನಲ್ಲಾದರೆ ಸೋದರಮಾವನೋ ದೊಡ್ಡಪ್ಪನೋ ನಿಲ್ಲುತ್ತಾರೆ. ಇಲ್ಲಿ ಯಾರಿಗೆ ರಜೆ ಸಿಗುತ್ತದೋ ಅವರೇ ಸೋದರಮಾವ. ಇವನು ನನ್ನ ಗಂಡನ ಹಳೆಯ ರೂಮ್‌ಮೇಟ್, ನಮ್ಮದೇ ಕಡೆಯವನು, ಶಾರ್ಜಾದಲ್ಲಿ ಪಾಲುದಾರಿಕೆಯ ಗ್ಯಾರೇಜು ಇಟ್ಟುಕೊಂಡಿದ್ದ. ಪ್ರತಿ ಕ್ರಿಸ್‌ಮಸ್ಸಿಗೆ ಮಗಳಿಗೆ ಫ್ರಾಕು ತರುತ್ತಿದ್ದ, ಅಳತೆ ಒಂದು ಸಲವೂ ತಪ್ಪಿರಲಿಲ್ಲ.

"ಜಾಲರಿ ಇಲ್ಲದ್ದು ಮಾತ್ರ ಬೇಡ, ಮಗು ಕೂರುವ ಗಾಡಿ" ಎಂದು ಅವನಿಗೆ ಮೂರು ಸಲ ಹೇಳಿದೆ.

"ಎಂತ ಮಾರಾಯ್ತಿ, ಅವಳು ನನಗೂ ಮಗಳಲ್ವಾ? ನೀನು ಆನ್‌ಲೈನಲ್ಲಿ ತರಿಸ್ಬೇಡ, ಡೂಪ್ಲಿಕೇಟ್ ಬರ್ತದೆ. ನಾನು ತರಿಸ್ತೇನೆ" ಎಂದ.

ಪೈಪು ಹಾಕುವ ದಿನ ನಾನು ಗ್ಯಾರೇಜಿನಲ್ಲಿ ನಿಲ್ಲಬೇಕಿತ್ತು. ಪೆಟ್ಟಿಗೆ ಬಿಚ್ಚುವಾಗ ನೋಡಬೇಕೆಂಬ ಆಸೆಯೂ ಇತ್ತು. ಅವನು ಬಿಡಲಿಲ್ಲ. "ಮನೆಯಲ್ಲಿ ಹೆಂಡತಿ ಸಾನ್ನಾ ಇಡ್ಲಿ, ಕೋಳಿ ಸುಕ್ಕ ಮಾಡಿದ್ದಾಳೆ. ಸಂಜೆ ಗಾಡಿ ನಾನೇ ತಂದು ಕೊಡ್ತೇನೆ, ಹೋಗಿ ಊಟ ಮಾಡಿ" ಎಂದು ನಮ್ಮೆಲ್ಲರನ್ನೂ ಅವನ ಹೆಂಡತಿಯ ಊಟದ ಮೇಜಿಗೆ ಕಳಿಸಿದ. ಇಲ್ಲಿ ನಮ್ಮವರ ನಡುವೆ ಒಂದು ರೀತಿಯಿದೆ: ಬಿಲ್ಲು ಕೇಳಬಾರದು, ಪೆಟ್ಟಿಗೆ ಬಿಚ್ಚಿ ನೋಡಬಾರದು. ಕೇಳಿದರೆ ಮುಖಕ್ಕೆ ಉಗಿದ ಹಾಗೆ. ಬೇರೆಯವರ ಅಂಗಡಿಯಲ್ಲಿ ಒಂದು ಮೊಳೆಯನ್ನೂ ತಿರುಗಿಸಿ ನೋಡುವ ನಾನು ಅಂದು ಎರಡನೇ ಸಲ ಸುಕ್ಕ ಹಾಕಿಸಿಕೊಂಡು ಕೂತೆ.

ಕಾರು ಅದ್ಭುತವಾಗಿ ಓಡಿತು. ಆ ವಿಷಯದಲ್ಲಿ ಸುಳ್ಳು ಹೇಳಲಾರೆ. ಮೂರನೇ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಸೀಟಿನಿಂದ ಮಗಳು, "ಮಮ್ಮಿ, ಇಟ್ ಸ್ಟಿಂಕ್ಸ್" ಎಂದಳು. ನನಗೂ ಸ್ವಲ್ಪ ಬಂದಿತ್ತು. ಫೋನ್ ಮಾಡಿ ಅವನನ್ನು ಕೇಳಿದೆ. "ಹೊಸ ಪೈಪ್ ಅಲ್ವಾ, ಮೇಲಿನ ಎಣ್ಣೆ ಸುಡ್ತದೆ. ಎರಡು ವಾರ" ಎಂದ. ಎರಡು ವಾರದ ಮೇಲೆ ಕೇಳಿದಾಗ ತಪ್ಪನ್ನು ಎಸಿ ಫಿಲ್ಟರಿನ ಮೇಲೆ ಹಾಕಿದ. ಫಿಲ್ಟರ್ ಬದಲಾಯಿಸಿದೆ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನನ್ನ ನಾದಿನಿಯ ಮನೆ. ಒಂದು ಶನಿವಾರ ಅಲ್ಲಿಗೆ ಹೋಗುವಾಗ ಮಗಳು ದಾರಿಯಲ್ಲೇ ವಾಂತಿ ಮಾಡಿಕೊಂಡಳು. ತಲೆ ಸಿಡಿಯುತ್ತದೆ ಎಂದು ಅತ್ತಳು. ಅವತ್ತು ಜ್ಞಾನತಂದೆ ಫೋನಿನಲ್ಲಿ ನಕ್ಕ. "ಕಾರಲ್ಲಿ ಕೂತು ಇಡೀ ದಾರಿ ಫೋನ್ ನೋಡಿದ್ರೆ ತಲೆನೋವು ಬಾರದೆ ಇರ್ತದಾ? ಫೋನ್ ತೆಗೆದಿಡು, ನೋಡು." ನಾನು ಅವನ ಮಾತನ್ನು ಹಾಗೇ ಮಗಳ ಮೇಲೆ ಎರಚಿದೆ. ಅವಳ ಫೋನನ್ನು ಒಂದು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿದೆ. "ಮಗು ಸುಳ್ಳು ಹೇಳುತ್ತಿಲ್ಲ ಅನ್ನಿಸುತ್ತದೆ" ಎಂದು ಗಂಡ ಅಂದಾಗ, "ನಿನಗೆ ಬಾನೆಟ್ ತೆಗೆಯಲು ಬರುತ್ತದಾ?" ಎಂದು ಅವನ ಬಾಯಿಯನ್ನೂ ಮುಚ್ಚಿಸಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮನೆಯವರ ಮೂಗು ನನಗೆ ಮೂಗಾಗಿ ಕಾಣಲಿಲ್ಲ.

ಆಮೇಲೆ ಮಗಳು ಹೇಳುವುದನ್ನೇ ಬಿಟ್ಟಳು. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ, ಯೂನಿಫಾರ್ಮಿನ ಕಾಲರನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಹೊರಗೆ ಬೆಂಕಿಯಂಥ ಬಿಸಿಲು. "ಎಸಿ ಹೋಗುತ್ತದೆ, ಕಿಟಕಿ ಹಾಕು" ಎಂದರೆ ತಿರುಗಿ ಮಾತಾಡದೆ ಹಾಕುತ್ತಿದ್ದಳು. ಅಂತೂ ದಾರಿಗೆ ಬಂದಳು ಎಂದು ನಾನು ಸಮಾಧಾನಪಟ್ಟೆ.

ವರ್ಷದ ಪಾಸಿಂಗ್ ಹತ್ತಿರ ಬಂತು. ಪ್ರತಿ ವರ್ಷ ಕಾರನ್ನು ತಪಾಸಣೆಗೆ ಒಯ್ದು, ಹೊಗೆ, ಬ್ರೇಕು ಎಲ್ಲ ಸರಿಯಿದ್ದರೆ ಮಾತ್ರ ರಿಜಿಸ್ಟ್ರೇಷನ್ ಮುಂದುವರಿಯುತ್ತದೆ. ಜ್ಞಾನತಂದೆಯೇ ಫೋನ್ ಮಾಡಿ, "ಕಂಪನಿಯ ಹಳೆ ಪೈಪ್ ನನ್ನ ಹತ್ರ ಉಂಟು. ಒಂದು ದಿನಕ್ಕೆ ಅದನ್ನು ಹಾಕಿ ಪಾಸಿಂಗ್ ಮಾಡಿಸಿ ಕೊಡ್ತೇನೆ" ಎಂದ. ಖಾಲಿ ಕೊಳವೆ ಹಾಕಿಸಿಕೊಂಡವರು ಮಾಡುವುದು ಹೀಗೇ. ನನ್ನದರಲ್ಲಿ ಜಾಲರಿ ಇದೆಯಲ್ಲ, ನನಗೇಕೆ ಈ ಕಳ್ಳಾಟ? ನನಗೆ ಅನುಮಾನ ಬರಲಿಲ್ಲ, ಬದಲಿಗೆ ಹೆಮ್ಮೆ ಬಂತು. ಅವನಿಗೆ ಹೇಳದೆ ಒಂದು ರಜೆಯ ದಿನ ನಾನೇ ಕಾರು ತೆಗೆದುಕೊಂಡು ಹೋದೆ.

ಹೊಗೆಯ ಪರೀಕ್ಷೆಯಲ್ಲಿ ಕಾರು ಫೇಲಾಯಿತು. ನಾನು ಜಗಳಕ್ಕೆ ನಿಂತೆ. ಯಂತ್ರ ಕೆಟ್ಟಿದೆ ಎಂದೂ ಹೇಳಿದೆ. ತಪಾಸಣೆಯವನು ತಾಳ್ಮೆಯ ಮನುಷ್ಯ. "ಕ್ಯಾಟಲಿಸ್ಟ್ ಮಾಫಿ, ಮೇಡಂ" ಎಂದ. ಅಂದರೆ ಕ್ಯಾಟಲಿಸ್ಟೇ ಇಲ್ಲ.

ಅಲ್ಲೇ ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಮುದುಕ ಪಠಾಣ ಪೈಪು ಬಿಚ್ಚಿಕೊಟ್ಟ. ನಡುವಿನ ಡಬ್ಬಿ ಚೆನ್ನಾಗಿ ಉಬ್ಬಿತ್ತು, ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾನು ಕೈ ಒಳಗೆ ಹಾಕಿದೆ. ಮಣಿಕಟ್ಟಿನವರೆಗೆ ಹೋಯಿತು, ಎಲ್ಲೂ ಏನೂ ತಾಗಲಿಲ್ಲ. ಕೈ ಹೊರಗೆ ತೆಗೆದಾಗ ಬೆರಳೆಲ್ಲ ಕಪ್ಪು. ಆ ಕಪ್ಪು ನೋಡಿದಾಗ ನನಗೆ ಮೊದಲು ನೆನಪಾದದ್ದು ಕಾಲರ್ ಎಳೆದುಕೊಂಡು ಕೂತ ಮಗಳ ಮುಖ. ಸಿಟ್ಟು ಬಂದದ್ದು ಅದರ ನಂತರ.

ಪೈಪು ಪುನಃ ಹಾಕಿಸಿಕೊಂಡು ನೇರ ಶಾರ್ಜಾಕ್ಕೆ, ಜ್ಞಾನತಂದೆಯ ಗ್ಯಾರೇಜಿಗೆ ಹೋದೆ. ಕಪ್ಪು ಕೈಯನ್ನು ತೊಳೆದಿರಲಿಲ್ಲ. ಅದನ್ನು ಅವನ ಮುಂದೆ ಹಿಡಿದೆ. ಅವನು ಕೂತಲ್ಲಿಂದ ಎದ್ದು ಬಾಗಿಲು ಹಾಕಿದ.

"ನೀನು ಹೇಳಿದ್ದೇ ಬಂದಿತ್ತು, ದೇವರಾಣೆ. ಅದೇ ದಿನ ಒಬ್ಬ ಕಸ್ಟಮರ್ ಅರ್ಜೆಂಟ್ ಅಂತ ಕೂತ. ಅವನಿಗೆ ಕೊಟ್ಟೆ. ನಿನಗೆ ಸದ್ಯಕ್ಕೆ ಇದನ್ನು ಹಾಕಿದೆ, ಮತ್ತೆ ಬದಲಿಸುವ ಅಂತ. ಕಸ್ಟಮರ್ ಕಾಯುವುದಿಲ್ಲ. ನೀನಾದ್ರೆ ನಮ್ಮವಳು."

ಮೋಸದಲ್ಲಿ ಇಂಥದೊಂದು ಉಂಟೆಂದು ನನಗೆ ಗೊತ್ತಿರಲಿಲ್ಲ. ಅಪರಿಚಿತನಿಗೆ ಸರಿಯಾದ ಮಾಲು ಸಿಕ್ಕಿತು, ಅವನು ಗಲಾಟೆ ಮಾಡುತ್ತಾನೆಂಬ ಭಯವಿತ್ತು. ನಾನು ಮಾಡುವುದಿಲ್ಲ ಎಂಬ ಭರವಸೆಯ ಮೇಲೆ ನನಗೆ ಖಾಲಿ ಡಬ್ಬಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

"ಮಗುವಿಗೆ ವಾಸನೆ ಬರ್ತದೆ ಅಂತ ನಾನು ಫೋನ್ ಮಾಡಿದಾಗ ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ವಾಂತಿ ಮಾಡಿದ ದಿನವೂ?"

ಅವನು ಹೌದೆಂದು ತಲೆಯಾಡಿಸಿದ. ನನಗೆ ಬೈಗುಳ ಗೊತ್ತಿಲ್ಲದೆ ಇಲ್ಲ, ಬಸ್ ಡ್ರೈವರನ ಮಗಳು ನಾನು. ಅಂದು ಒಂದೂ ಬಾಯಿಗೆ ಬರಲಿಲ್ಲ. "ಹಳೆ ಪೈಪ್ ಕೊಡು. ಖಲಾಸ್" ಎಂದಷ್ಟೇ ಹೇಳಿದೆ. ಅದನ್ನು ಅವನ ಕೈಯಿಂದ ಹಾಕಿಸಿಕೊಳ್ಳಲಿಲ್ಲ, ಡಿಕ್ಕಿಯಲ್ಲಿ ಹಾಕಿಕೊಂಡು ಪಠಾಣನ ಹತ್ತಿರವೇ ವಾಪಸು ಹೋದೆ. ಮರುದಿನ ಕಾರು ಪಾಸಾಯಿತು.

ಮಗಳಿಗೆ ಹೇಳುವುದು ಇವೆಲ್ಲಕ್ಕಿಂತ ಕಷ್ಟವಾಯಿತು. ಅವಳು ಹೋಂವರ್ಕ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು, "ನೀನು ಹೇಳಿದ್ದು ನಿಜ. ಕಾರಿನಲ್ಲಿ ತಪ್ಪಿತ್ತು. ಅಂಕಲ್ ಸುಳ್ಳು ಹೇಳಿದ್ರು. ನಾನು ನಿನಗೆ ಸುಮ್ಮನೆ ಬೈದೆ, ಸಾರಿ" ಎಂದೆ.

"ಐ ನೋ" ಎಂದಳು, ಬರೆಯುವುದನ್ನು ನಿಲ್ಲಿಸದೆ.

"ಮತ್ತೆ ಯಾಕೆ ಹೇಳುವುದನ್ನು ಬಿಟ್ಟೆ?"

ಆಗ ತಲೆ ಎತ್ತಿದಳು. ಸಿಟ್ಟೇನೂ ಇರಲಿಲ್ಲ, ಗೊತ್ತಿಲ್ಲದವರಿಗೆ ದಾರಿ ಹೇಳುವವರ ಹಾಗೆ ಹೇಳಿದಳು. "ಹೇಳಿದ್ರೆ ನೀನು ಅಂಕಲ್‌ಗೆ ಫೋನ್ ಮಾಡ್ತಿ. ದೆನ್ ಯು ಬಿಲೀವ್ ಹಿಮ್."

ಈಗಲೂ ಬೆಳಿಗ್ಗೆ ಶಾಲೆಗೆ ಹೊರಟು ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಅವಳನ್ನು ನೋಡಿ, "ವಾಸನೆ ಬರ್ತದಾ?" ಎಂದು ಕೇಳುತ್ತೇನೆ. "ನೋ, ಮಮ್ಮಿ" ಎನ್ನುತ್ತಾಳೆ, ನನ್ನ ಪ್ರಶ್ನೆ ಮುಗಿಯುವ ಮೊದಲೇ. ತಲೆನೋವು ಇದೆಯಾ, ಕಿಟಕಿ ಇಳಿಸಲಾ ಎಂದರೂ ಅದೇ ಉತ್ತರ. ಅದು ನಿಜವೋ, ನನಗೆ ಹೇಳಿ ಪ್ರಯೋಜನವಿಲ್ಲ ಎಂದುಕೊಂಡು ಹೇಳುತ್ತಾಳೋ, ನನಗೆ ಗೊತ್ತಾಗುವುದಿಲ್ಲ.