ಅವ್ವನ ಕಂಪ್ಯೂಟರಿನ ಕಂಡೆನ್ಸರ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತಲೆ ಊದಿಕೊಂಡಿದ್ದ ಕಂಡೆನ್ಸರ್‌ಗಳು ನಾಲ್ಕೋ ಐದೋ, ಅವುಗಳಿಂದ ಒಸರಿದ ಅಂಟು ಕಂದೋ ಹಳದಿಯೋ, ಈಗ ಖಾತ್ರಿಯಿಲ್ಲ. ಅವ್ವನ ದನಿಯೇ ಮಸುಕಾಗುತ್ತಿದೆ. ಅಂಟಿನ ಬಣ್ಣ ನೆನಪಿಟ್ಟು ಏನು ಮಾಡಲಿ?

ಬಿಳೂರಿನ ಮನೆಯ ಮುಂದಿನ ಕೋಣೆಯಲ್ಲಿ ಅವ್ವ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ಬೀಗರು ಗಡಿಯ ಎರಡೂ ಕಡೆಯವರು. ಹಾಗಾಗಿ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಅವಳ ತಮ್ಮನ, ಅಂದರೆ ನನ್ನ ಮಾಮಾನ ಮಗಳ ಪತ್ರಿಕೆ ಅರ್ಧ ಆಗಿದ್ದಾಗ ಆ ಹಳೆಯ ಕಂಪ್ಯೂಟರ್ ನಿಂತುಹೋಯಿತು. ಪತ್ರಿಕೆ ಬೇರೆ ಕಡೆ ಅಚ್ಚಾಯಿತು. ಅದೇ ಮಳೆಗಾಲ ಅವ್ವ ತೀರಿಕೊಂಡಳು.

ತಮ್ಮ ಅಕ್ಕ ಮಾಡಿಟ್ಟ ಆ ಅರ್ಧ ಪತ್ರಿಕೆಯನ್ನು ಒಮ್ಮೆ ನೋಡಬೇಕೆಂದು ಮಾಮಾ ಪಟ್ಟು ಹಿಡಿದರು. ನನಗೆ ಸಾಕಾಗಿತ್ತು. ಆದರೂ ಬೇಡ ಅನ್ನಲಿಲ್ಲ.

ಮಾಮಾ ಬೋರಿನ ಮೋಟಾರು ರಿಪೇರಿ ಮಾಡುವವರು. ಮೋಟಾರಿನ ಕಂಡೆನ್ಸರಿಗೆ ಯಾವ ವೈರು ಯಾವ ಕಡೆಗಾದರೂ ನಡೆಯುತ್ತದೆ. ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿಯಲ್ಲಿರುವ ಈ ಸಣ್ಣವಕ್ಕೆ ಹಾಗಲ್ಲ, ಪಟ್ಟಿಯಿರುವ ಬದಿಯೇ ಮೈನಸ್. ಮಾಮಾ ಊದಿದವನ್ನು ಕಿತ್ತು, ಹೊಸವನ್ನು ರೂಢಿಯಂತೆ ಕೈಗೆ ಬಂದ ಹಾಗೆ ಬೆಸೆದರು. ಸ್ವಿಚ್ ಹಾಕಿದೊಡನೆ ಒಂದು ಸಿಡಿಯಿತು, ಕೋಣೆಯೆಲ್ಲ ಸುಟ್ಟ ವಾಸನೆ. ನಾನಾಗ ಒಳಗೆ ಚಹಾಕ್ಕಿಟ್ಟಿದ್ದೆ ಎಂದು ನನ್ನ ನೆನಪು. ನೀನು ಪಕ್ಕದಲ್ಲೇ ಕೂತಿದ್ದೆ ಅನ್ನುತ್ತಾರೆ ಮಾಮಾ.

“ಬೋರಿನ ಕಂಡೆನ್ಸರಿಗೆ ಎಡಾ ಬಲಾ ಇಲ್ಲ ಯವ್ವಾ,” ಅಂದರು. “ಇದು ಬೀಗರ ಪೈಕಿ ಅದ. ಕುಂದ್ರಸೂ ಜಾಗಾ ತಪ್ಪಿದ್ರ ಸಿಟ್ಟಿಗೇಳತೈತಿ.”

ನಕ್ಕರು, ಆದರೆ ಆಮೇಲೆ ಬೆಸುಗೆ ಕಡ್ಡಿ ಮುಟ್ಟಲಿಲ್ಲ. ಸಾಂಗಲಿಯಿಂದ ಮತ್ತೆ ಕಂಡೆನ್ಸರ್ ತಂದುಕೊಟ್ಟು ಬ್ಯಾಟರಿಯ ಬೆಳಕು ಹಿಡಿದು ನಿಂತರು. ಒಂದೊಂದರ ಪಟ್ಟಿಯನ್ನೂ ಅವರಿಗೆ ತೋರಿಸಿಯೇ ನಾನು ಬೆಸೆದೆ. ಕತ್ತು ನೋಯುತ್ತಿತ್ತು. ಕಂಪ್ಯೂಟರ್ ಹತ್ತುವುದೆಂಬ ಆಸೆ ನನಗಿರಲಿಲ್ಲ.

ಹತ್ತಿತು. ಫ್ಯಾನು ಧೂಳು ಉಗುಳಿ ತಿರುಗಿತು, ಒಳಗಿನ ಡಿಸ್ಕು ಗರಗರ ಅಂದಿತು. ಈ ಸದ್ದು ಶುರುವಾದರೆ ಅವ್ವ ಸೆರಗು ಸಿಕ್ಕಿಸಿ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಸ್ಕ್ರೀನಿನ ಗುಂಡಿಗೆ ನಾನು ಕೈ ಹಾಕಿದಾಗ ಮಾಮಾ “ತಡಿ” ಅಂದರು. ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈಯಿಟ್ಟು ಕೂತರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಸ್ವಿಚ್ ತೆಗೆದು ಹೊಲದ ಕಡೆ ಹೋದರು.

ಈಗ ರವಿವಾರಕ್ಕೊಮ್ಮೆ ಬರುತ್ತಾರೆ. ಕಂಪ್ಯೂಟರ್ ಹಚ್ಚಿ, ಕಪ್ಪು ಸ್ಕ್ರೀನಿನ ಮುಂದೆ ಕೂತು ಆ ಗರಗರ ಕೇಳಿ, ಆರಿಸಿ ಹೋಗುತ್ತಾರೆ. ಹೋದ ವಾರವೂ ಕೇಳಿದೆ. ಅವರ ಕೈ ಡಬ್ಬಿಯ ಮೇಲೇ ಇತ್ತು.

“ಮಾಮಾ, ಸ್ಕ್ರೀನ್ ಹಚ್ಚಲೇನ್ರಿ?”