ಸೊಪ್ಪಿನ ಹೊತ್ತಿನ ಕೂಗು

ನಮ್ಮ ನಾಯಿ ಮಾತಾಡುತ್ತಿತ್ತು ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು, ಅದೂ ಅರ್ಧ. ಆ ಅರ್ಧ ಮಾತನ್ನು ಅದು ಕಲಿತದ್ದು ನನ್ನ ಅಪ್ಪನಿಂದ.

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು. ನಾನೂ ಒಂದರಲ್ಲಿ ಮೆಷಿನ್ ಮುಂದೆ ನಿಲ್ಲುತ್ತಿದ್ದೆ. ಮನೆಯಲ್ಲಿ ಅವ್ವ ರೇಷ್ಮೆ ಹುಳು ಸಾಕುತ್ತಿದ್ದಳು. ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ನಾಲಿಗೆಯೂ ಹೊರಳುತ್ತಿರಲಿಲ್ಲ. ಹುಳು ಮನೆಯ ಎದುರಿನ ಜಗುಲಿಯ ಮೇಲೆ ಕೂರಿಸಿದರೆ ಸಂಜೆವರೆಗೂ ಅಲ್ಲೇ.

ಆದರೂ ಒಂದು ಕೆಲಸವನ್ನು ಅವನು ಬಿಟ್ಟುಕೊಟ್ಟಿರಲಿಲ್ಲ. ಕೊನೆಯ ಜ್ವರ ಬಿಟ್ಟು, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಹುಳುಗಳಿಗೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಅವು ಮೇಯುವ ಸರಸರ ಸದ್ದು ಇಳಿಯುತ್ತಿದ್ದಂತೆ ಅಪ್ಪ ಜಗುಲಿಯಿಂದಲೇ “ಓ...ವೂ” ಎನ್ನುತ್ತಿದ್ದ. ಸೊಪ್ಪು ಎಂಬ ಮಾತಿನಲ್ಲಿ ಅವನ ಬಾಯಿಗೆ ಉಳಿದಿದ್ದದ್ದು ಅಷ್ಟೇ. ಅವ್ವ ಸೊಪ್ಪಿನ ಕುಕ್ಕೆ ಹೊತ್ತು ಬರುತ್ತಿದ್ದಳು. ಹೊತ್ತಾದದ್ದು ಅವಳಿಗೆ ಮೊದಲೇ ತಿಳಿದಿದ್ದರೂ ಅವನು ಕೂಗುವ ತನಕ ಕಾಯುತ್ತಿದ್ದಳು.

ಅವನ ಕಾಲ ಬಳಿ ಮಲಗಿರುತ್ತಿದ್ದ ನಾಯಿ ಒಂದು ದಿನ ಅವನ ಕೂಗಿನ ಹಿಂದೆಯೇ ಕತ್ತೆತ್ತಿ, ಬಾಯಿ ಅರೆ ತೆರೆದು “ಓ...ವೂ” ಅಂದಿತು. ಅಪ್ಪ ನಕ್ಕುಬಿಟ್ಟ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅದನ್ನು ಅವರಿಬ್ಬರಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಫ್ಯಾಕ್ಟರಿಯಲ್ಲೆಲ್ಲ ಡಂಗುರ ಹೊಡೆದೆ.

ಒಂದು ಭಾನುವಾರ ಮೂವರು ಗೆಳೆಯರು, ಜೊತೆಗೆ ನಮ್ಮ ಸೂಪರ್‌ವೈಸರು ಊಟಕ್ಕೆ ಬಂದರು. ಮುದ್ದೆ, ನಾಟಿ ಕೋಳಿ ಸಾರು ಆಯಿತು. ಅವರು ತಂದಿದ್ದ ಬಿಸ್ಕತ್ ಪೊಟ್ಟಣ ಒಡೆದು ನಾಯಿಯ ಮುಂದೆ ಹಿಡಿದೆ. ಹಾಳಾದ್ದು, ಬಾಲ ಆಡಿಸಿತೇ ಹೊರತು ಸೊಲ್ಲೆತ್ತಲಿಲ್ಲ.

“ಏನಯ್ಯಾ, ಬರೀ ಬುರುಡೆ ಬುಟ್ಟಿದ್ದಾ?” ಅಂದರು ಸೂಪರ್‌ವೈಸರು.

ನನಗೆ ಮುಖಭಂಗವಾಯಿತು. ಅಪ್ಪನ ಕಡೆ ತಿರುಗಿದೆ. “ಅಪ್ಪೋ, ನೀನೊಂದ್ಸಲಿ ಕೂಗು. ನೀನು ಕೂಗುದ್ರೆ ಅದೂ ಕೂಗ್ತದೆ.”

ಒಳಗಿಂದ ಅವ್ವ ಅಂದಳು: “ಈಗ್ತಾನೆ ಸೊಪ್ಪು ಹಾಕಿವ್ನಿ. ನಿಮ್ಮಪ್ಪನ್ನ ಯಾಕ್ಲಾ ಕೂಗುಸ್ತೀಯಾ?”

“ಒಸಿ ಸುಮ್ಕಿರವ್ವಾ.”

ಅಪ್ಪ ನನ್ನನ್ನು ನೋಡಿದ. ಬಂದವರನ್ನು ನೋಡಿದ. ಆಮೇಲೆ ಕೂಗಿದ. ನಾಯಿಯೂ ಕೂಗಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಇನ್ನೊಂದ್ಸಲಿ, ಇನ್ನೊಂದ್ಸಲಿ ಎಂದು ನಾಲ್ಕು ಸಲ ಕೂಗಿಸಿದೆ. ಅಪ್ಪನ ಬಾಯಿಯ ಓರೆಯಿಂದ ಜೊಲ್ಲು ಇಳಿಯಿತು.

“ಇಬ್ರುದೂ ಒಂದೇ ಗಂಟ್ಲು ಕಣ್ಲಾ” ಅಂದ ಒಬ್ಬ ಗೆಳೆಯ.

ನಾಯಿಗೊಂದು ಬಿಸ್ಕತ್ ಹಾಕಿದೆ. ಅದೇ ಉಮೇದಿನಲ್ಲಿ, ಅದೇ ಪೊಟ್ಟಣದಿಂದ ಇನ್ನೊಂದು ತೆಗೆದು ಅಪ್ಪನ ಎಡಗೈಗೆ ಇಟ್ಟೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಅವತ್ತು ಮಾತ್ರ ನನಗೆ ಏನೂ ಅನ್ನಿಸಲಿಲ್ಲ.

ಅವರೆಲ್ಲ ಹೋದರು. ಬಿಸಿಲು ಇಳಿಯಿತು, ಹುಳು ಮನೆಯ ಸದ್ದೂ ಇಳಿಯಿತು. ಅವ್ವ ಕುಕ್ಕೆ ಹಿಡಿದು ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಅವನು ಕೂಗಲಿಲ್ಲ.

“ಹೊತ್ತಾಯ್ತಲ್ಲಾ” ಅಂದಳು, ಮೆಲ್ಲಗೆ.

ಅಪ್ಪ ತುಟಿ ಬಿಗಿಹಿಡಿದು ಕೂತಿದ್ದ. ಸದ್ದು ಪೂರಾ ನಿಂತಿತು. ನಾಯಿ ಒಂದಷ್ಟು ಹೊತ್ತು ಅವನ ಮುಖವನ್ನೇ ನೋಡಿ, ಕತ್ತೆತ್ತಿ ತಾನೇ “ಓ...ವೂ” ಅಂದಿತು. ಅಪ್ಪ ಎಡಗೈ ಬಿಚ್ಚಿದ. ಬೆವರಿಗೆ ಮೆತ್ತಗಾಗಿದ್ದ ಆ ಬಿಸ್ಕತ್ತನ್ನು ಅದರ ಮುಂದೆ ಹಿಡಿದ.

ಅವ್ವ ನನ್ನ ಕಡೆ ನೋಡದೆ ಒಳಗೆ ಹೋದಳು. ಮಾರನೆಯ ದಿನ ನಾನು ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, “ತಪ್ಪಾಯ್ತು ಅಪ್ಪೋ, ನೀನೇ ಕೂಗು” ಅಂದೆ. ಆಮೇಲೂ ಎಷ್ಟೋ ಸಲ ಕೇಳಿಕೊಂಡೆ. ಕೇಳಿದಾಗಲೆಲ್ಲ ಅವನು ಎಡಗೈ ಎತ್ತಿ ನಾಯಿಯನ್ನು ತೋರಿಸುತ್ತಿದ್ದ.