ಗಂಡನ ಹೆಸರು: ಮನೆಯವರು

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇದು ನನ್ನ ನೆನಪಿನ ಲೆಕ್ಕವಲ್ಲ, ನಾನೇ ಬರೆದ ಸಾಫ್ಟ್‌ವೇರಿನ ಲೆಕ್ಕ. ಒಂದು ಗುರುವಾರ ಬೆಳಿಗ್ಗೆ ಸರಿಯಾಗಿ ಆ ನಿಮಿಷಕ್ಕೆ ಅದು ಯಗಟಿಯ ಇಬ್ಬರು ಹೆಂಗಸರನ್ನು ಸೇರಿಸಿ ಒಬ್ಬಳನ್ನಾಗಿ ಮಾಡಿತು. ಮಾಡಿ, ಕೆಲಸ ಯಶಸ್ವಿಯಾಗಿದೆ ಎಂದು ಹಸಿರು ಅಕ್ಷರಗಳಲ್ಲಿ ತೋರಿಸಿತು.

ಮೊನ್ನೆ ಕಡೂರಿನಲ್ಲಿ ಪಂಚನಹಳ್ಳಿಯ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿನ ಮುದುಕರೊಬ್ಬರು ನಶ್ಯದ ಡಬ್ಬಿ ತೆಗೆದು ಮುಚ್ಚಳವನ್ನು ಎರಡು ಸಲ ತಟ್ಟಿದರು. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ಬೆವೆತುಹೋಯಿತು. ಆಸ್ಪತ್ರೆಯ ಕೆಲಸ ಬಿಟ್ಟು ವರ್ಷಗಳಾಗಿವೆ, ಈಗ ತರೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಆದರೂ ಅಂಗೈಗೆ ಅದೆಲ್ಲ ಗೊತ್ತಾಗುವುದಿಲ್ಲ...

ಆ ವಾಸನೆ ನೆನಪಿಗೆ ತಂದದ್ದು ಬೇರೊಬ್ಬರನ್ನು. ಅವರನ್ನು ಎಲ್ಲರೂ ಚೀಟಿ ಸಾಬರು ಎನ್ನುತ್ತಿದ್ದರು. ಕಡೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವುದು ಅವರ ಕೆಲಸ. ಒಳ್ಳೆಯ ಮನುಷ್ಯ ಎಂದು ಬರೆಯಲು ನನಗೆ ಇಷ್ಟವಿಲ್ಲ, ಅವರು ಹಾಗಿರಲಿಲ್ಲ. ನಶ್ಯದ ಕಲೆಯ ಕರವಸ್ತ್ರ, ಸಿಡುಕು ಮುಖ, ಎದುರಿಗೆ ಬಂದವರನ್ನೆಲ್ಲ ಗದರುವ ಬಾಯಿ. ಜ್ವರ ಬಂದವರಿಗೂ ಬೈಗುಳ, ಜ್ವರ ಬಿಟ್ಟವರಿಗೂ ಬೈಗುಳ. "ಮೂರ್ ದಿನ ಮಲಗಿದ್ದು ಇವತ್ತ್ ಬಂದ್ಯಾ? ಸತ್ತ್ ಮೇಲ್ ಬರೋದಲ್ವೇನೋ ಲೇ, ಚೀಟಿ ಬರೆಯೋ ಕೆಲ್ಸಾನೂ ಉಳೀತಿತ್ತು" ಎನ್ನುತ್ತಲೇ ಬರೆದುಕೊಡುತ್ತಿದ್ದರು. ಜನ ನಗುತ್ತಿದ್ದರು. ಬೈಸಿಕೊಳ್ಳದೆ ಚೀಟಿ ಸಿಕ್ಕರೆ ಏನೋ ಕಡಿಮೆಯಾದಂತೆ ನಿಂತೇ ಇರುತ್ತಿದ್ದರು.

ಆ ಆಸ್ಪತ್ರೆಗೆ ನಾನು ಸೇರಿದ್ದು ಎಂಸಿಎ ಮುಗಿಸಿದ ಹೊಸದರಲ್ಲಿ, ಸಿಬ್ಬಂದಿಯ ಹಾಜರಿ ಮತ್ತು ಹೊರರೋಗಿಗಳ ದಾಖಲೆ ಎರಡನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡಲು. ದಿನವೂ ಅಜ್ಜಂಪುರದಿಂದ ಓಡಾಡುತ್ತಿದ್ದೆ. ನನ್ನನ್ನು ಸೇರಿಸಿಕೊಂಡವನು ಆಡಳಿತಾಧಿಕಾರಿ, ಮುಖ್ಯ ಡಾಕ್ಟರ ಭಾವಮೈದ. ಅದಕ್ಕಿಂತ ಹೆಚ್ಚಿನ ಅರ್ಹತೆ ಆತನಿಗೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗೋಡೆ ಖಾಲಿ ಕಂಡಲ್ಲೆಲ್ಲ ಲ್ಯಾಮಿನೇಟ್ ಮಾಡಿಸಿದ ಸೂಚನೆ ಅಂಟಿಸುವುದು ಆತನ ಆಡಳಿತ. 'ಉಗುಳಬಾರದು' ಎಂಬ ಸೂಚನೆಯನ್ನು ಕೈತೊಳೆಯುವ ಬೇಸಿನ್ನಿನ ಮೇಲೂ ಅಂಟಿಸಿದ್ದ. ಸಾಫ್ಟ್‌ವೇರಿನ ಬಗ್ಗೆ ಆತನಿಗಿದ್ದ ಅಭಿಪ್ರಾಯ ಒಂದೇ: ಯಾವ ಕಾಲಮ್ಮೂ ಖಾಲಿ ಇರಬಾರದು. ಖಾಲಿ ಬಿಟ್ಟರೆ ಚೀಟಿ ಬರಬಾರದು. ನಾನು ಹಾಗೇ ಮಾಡಿಕೊಟ್ಟೆ. ಹೆಸರು, ವಯಸ್ಸು, ಊರು, ಹೆಂಗಸಾದರೆ ಗಂಡನ ಹೆಸರು.

ಕೆಲಸ ಶುರುಮಾಡುವ ಮೊದಲು ಸಾಬರ ರಿಜಿಸ್ಟರ್ ತರಿಸಿಕೊಂಡು ನೋಡಿದೆ. ಗಂಡನ ಹೆಸರು ಒಂದೂ ಇರಲಿಲ್ಲ. 'ಗಂಗಮ್ಮ, ಯಗಟಿ, ಕುರಿ.' ಅದರ ಕೆಳಗೆ 'ಗಂಗಮ್ಮ, ಯಗಟಿ, ತೆಂಗು.' ಕೆಲವು ಹೆಸರುಗಳ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಗೆರೆ.

"ಇದೇನು ಸಾಬ್ರೇ, ರೋಗಿಗಳ ಪಟ್ಟೀನೋ ಸಂತೆ ಪಟ್ಟೀನೋ? ಈ ಕೆಂಪು ಗೆರೆ ಅಲಂಕಾರಕ್ಕಾ?"

ಅವರು ನಶ್ಯ ಏರಿಸಿ, ಸೀನಿ, ನಿಧಾನವಾಗಿ ಮೂಗು ಒರೆಸಿಕೊಂಡರು. "ಔಷ್ದಿ ಆಗ್ಬರ್ದೋರು ಅಂತ ಗುರ್ತು ಕಣಮ್ಮ ಕಂಪ್ಯೂಟರಮ್ಮ. ನಿನ್ ಡಬ್ಬಕ್ಕೆ ಕೆಂಪು ಹಾಕಕ್ಕೆ ಬತ್ತದಾ?"

"ಎಲ್ಲಾ ಬಣ್ಣಾನೂ ಬರುತ್ತೆ" ಎಂದಿದ್ದೆ. ರಿಜಿಸ್ಟರನ್ನು ಆಡಳಿತಾಧಿಕಾರಿಗೆ ತೋರಿಸಿದೆ. 'ಕುರಿ' ಎಂಬಲ್ಲಿ ಬೆರಳಿಟ್ಟು ಇಬ್ಬರೂ ನಕ್ಕೆವು.

ಸಾಬರನ್ನು ಕುರ್ಚಿಯಿಂದ ಎಬ್ಬಿಸಿದ್ದು ಹಾಜರಿಯ ಯಂತ್ರ. ಬೆರಳೊತ್ತಿ ಒಳಗೆ ಬರಬೇಕೆಂದು ನಿಯಮವಾಯಿತು. ಅವರ ಬೆರಳಿನ ಗೆರೆ ಸವೆದುಹೋಗಿತ್ತು, ಹತ್ತು ಬೆರಳು ಇಟ್ಟರೂ ಯಂತ್ರ ಗುರುತಿಸಲಿಲ್ಲ. ನಾನು ಕೈಯಿಂದ ಒಂದು ಎಂಟ್ರಿ ಹಾಕಿದ್ದರೆ ಮುಗಿಯುತ್ತಿತ್ತು. ನಿಯಮ ಎಲ್ಲರಿಗೂ ಒಂದೇ ಎಂದು ಸುಮ್ಮನಿದ್ದೆ. ಪರದೆಯ ಮೇಲೆ ಅವರು ದಿನವೂ ಗೈರುಹಾಜರು. ಗೈರುಹಾಜರಾದವರು ಕೌಂಟರಿನಲ್ಲಿ ಕೂರುವಂತಿಲ್ಲ ಎಂದು ಆಡಳಿತಾಧಿಕಾರಿ ಅವರ ಮುಖಕ್ಕೇ ಹೇಳಿದ. "ಆಯ್ತ್ ಬುಡಿ, ನಾನ್ ಬಂದೇ ಇಲ್ಲ" ಎಂದು ಸಾಬರು ಎದ್ದು, ಎದುರಿಗಿದ್ದ ರೋಗಿಗಳ ಬೆಂಚಿನಲ್ಲಿ ಕೂತರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ. ಬರದೇ ಇರುವುದಕ್ಕೆ ಸರಿಯಾಗಿ ಒಂಬತ್ತಕ್ಕೆ ಬರುತ್ತಿದ್ದರು.

ಮೊದಲ ವಾರ ಕೌಂಟರಿನಲ್ಲಿ ನಾನೇ ಕೂತೆ. ಸೋಮವಾರ ಒಬ್ಬ ಹೆಂಗಸು ಕಾಲಿನ ಹುಣ್ಣು ತೋರಿಸಲು ಬಂದಳು. ಹೆಸರು ಗಂಗಮ್ಮ, ಊರು ಯಗಟಿ, ವಯಸ್ಸು "ಒಂದೈವತ್ತೈದ್ ಹಾಕ್ಕಳವ್ವ." ಆಧಾರ್ ಕಾರ್ಡು ಮನೆಯ ಟ್ರಂಕಿನಲ್ಲಿತ್ತು.

"ಯಜಮಾನರ ಹೆಸರು?"

"ನಮ್ಮನೆಯವ್ರು."

"ಅದೇ, ಮನೆಯವರ ಹೆಸರೇನು?"

"ಅಯ್ಯೋ, ಹೇಳ್ಬಾರ್ದು ಕಣವ್ವ. ನಿಂಗೂ ಮದ್ವೆ ಆಗ್ಲಿ, ಗೊತ್ತಾಯ್ತದೆ."

ಸಾಲಿನಲ್ಲಿದ್ದವರು ಗೊಳ್ಳೆಂದರು. ಹಿಂದಿನಿಂದ ಯಾರೋ "ಏನಾದ್ರೂ ಒಂದ್ ಬರ್ಕಳ್ರೀ, ಬಸ್ ಹೊಂಟೋಯ್ತದೆ" ಎಂದರು. ನಾನೂ ಇದೇ ಸೀಮೆಯಲ್ಲಿ ಹುಟ್ಟಿದವಳು. ನನ್ನ ಅಜ್ಜಿ ಸಾಯುವವರೆಗೂ ತಾತನ ಹೆಸರು ಹೇಳಿದವಳಲ್ಲ. ಅದು ಗೊತ್ತಿದ್ದೂ ಸಿಟ್ಟು ಬಂತು, ಸಿಟ್ಟಿನಲ್ಲೇ ಟೈಪು ಮಾಡಿದೆ. ಗಂಡನ ಹೆಸರು: ಮನೆಯವರು. ಸಾಫ್ಟ್‌ವೇರ್ ಒಪ್ಪಿಕೊಂಡು ಚೀಟಿ ಕೊಟ್ಟಿತು. ಪೆನ್ಸಿಲಿನ್ ಸೂಜಿ ತನಗೆ ಆಗುವುದಿಲ್ಲ ಎಂದು ಅವಳು ಹೇಳಿದ್ದನ್ನೂ ಬರೆದೆ, ಬರೆಯಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮಧ್ಯಾಹ್ನ ಆಡಳಿತಾಧಿಕಾರಿಗೆ ಈ ಸಂಗತಿ ಹೇಳಿದರೆ ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಂದ ಮುಂದೆ ಹೆಸರು ಹೇಳದ ಹೆಂಗಸರೆಲ್ಲರ ಗಂಡನೂ 'ಮನೆಯವರು' ಎಂಬ ಒಬ್ಬನೇ ಆದ.

ಗುರುವಾರ ಇನ್ನೊಬ್ಬ ಗಂಗಮ್ಮ, ಸಾಬರ ರಿಜಿಸ್ಟರಿನ 'ತೆಂಗು', ಬಂದಳು. ಯಗಟಿ. ಐವತ್ತೈದು. ಮನೆಯವರು. ಅವಳಿಗೆ ಪೆನ್ಸಿಲಿನ್ನಿನ ಟೆಸ್ಟ್ ಡೋಸ್ ಕೊಟ್ಟು ನೋಡಿ, ತೊಂದರೆಯಿಲ್ಲವೆಂದು ನರ್ಸ್ ಕಂಪ್ಯೂಟರಿಗೆ ಹಾಕಿದಳು. ಹೆಸರು, ವಯಸ್ಸು, ಊರು, ಗಂಡ ಎಲ್ಲ ಒಂದೇ ಆಗಿದ್ದರೆ ಅದು ಒಬ್ಬರೇ ರೋಗಿ, ಎರಡು ದಾಖಲೆ ಸೇರಿಸು, ಹಳೆಯದು ಬಿಟ್ಟು ಹೊಸದನ್ನು ಇಟ್ಟುಕೋ ಎಂಬುದು ನಾನು ಹೆಮ್ಮೆಯಿಂದ ಬರೆದ ನಿಯಮ. ಹನ್ನೊಂದೂ ಇಪ್ಪತ್ತಕ್ಕೆ ಅದು ತನ್ನ ಕೆಲಸ ಮಾಡಿತು. ಸೋಮವಾರ ನಾನು ಬರೆದದ್ದು ಅಳಿಸಿಹೋಯಿತು. ಯಾವುದನ್ನು ಯಾವುದಕ್ಕೆ ಸೇರಿಸಿ ಏನು ಅಳಿಸಿತೆಂಬ ಒಂದು ಸಾಲು ಮಾತ್ರ ಕಂಪ್ಯೂಟರಿನ ದಿನಚರಿಯಲ್ಲಿ ಉಳಿಯಿತು.

ಹನ್ನೆರಡರ ಹೊತ್ತಿಗೆ ಮೊದಲನೆಯ ಗಂಗಮ್ಮ, ಹುಣ್ಣು ಕೀವಾಗಿದೆಯೆಂದು ಕುಂಟಿಕೊಂಡು ಬಂದಳು. ನಾನು ಅವಳ ಮುಖ ನೋಡಲಿಲ್ಲ, ಪರದೆ ನೋಡಿದೆ. ಚೀಟಿಯಲ್ಲಿ 'ಪೆನ್ಸಿಲಿನ್: ಪರೀಕ್ಷೆ ಆಗಿದೆ, ತೊಂದರೆ ಇಲ್ಲ' ಎಂದು ಬಂತು. ಡಾಕ್ಟರು ಅದನ್ನೇ ನೋಡಿ ಸೂಜಿ ಬರೆದರು. ಅವಳು ಇಂಜೆಕ್ಷನ್ ಕೋಣೆಯ ಪರದೆ ಸರಿಸಿ ಒಳಗೆ ಹೋದಳು.

ಬೆಂಚಿನಲ್ಲಿದ್ದ ಸಾಬರು ಎದ್ದುನಿಂತರು. "ಏನ್ ಕೊಡ್ತಾವ್ರೆ ಆಯಮ್ಮಂಗೆ? ಏಯ್, ಕೆಂಪು ಕಣ್ರೀ ಅದು! ಕೆಂಪು!"

"ಸ್ಕ್ರೀನಲ್ಲಿ ಏನೂ ಇಲ್ಲ, ಕೂತ್ಕೊಳಿ ಸಾಬ್ರೇ" ಎಂದೆ.

ಈ ಒಂದು ಮಾತನ್ನು ನಾನು ಎಷ್ಟು ಸಲ ಮತ್ತೆ ಆಡಿದ್ದೇನೋ... ಸ್ನಾನ ಮಾಡುವಾಗ, ಹಾಲು ಕಾಯಿಸುವಾಗ, ಪಾಠದ ನಡುವೆ.

ಅವರು ಕೂರಲಿಲ್ಲ. ಓಡಿಹೋಗಿ ಪರದೆ ಕಿತ್ತು ನರ್ಸಿನ ಕೈ ಹಿಡಿದುಕೊಂಡರು. ಸಿರಿಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಳಹೋದಷ್ಟೇ ಸಾಕಾಯಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಗಂಗಮ್ಮನ ತುಟಿ ಊದಿ, ಕುತ್ತಿಗೆ ಕೆಂಪಾಗಿ, ಉಸಿರು ಒಳಗೆ ಹೋಗದೆ ಕೀಚಲು ಸದ್ದು ಬರುತ್ತಿತ್ತು. ಕೆಂಪು, ಸಾಬರು ಹೇಳಿದಂತೆಯೇ. ಕಾಲು ಒದೆಯುತ್ತಿದ್ದಳು. ಕಾಲುಂಗುರ ಮಂಚದ ಕಬ್ಬಿಣಕ್ಕೆ ಬಡಿದು ಟಣ್ ಟಣ್ ಎನ್ನುತ್ತಿತ್ತು. ಡಾಕ್ಟರು ಬಂದರು, ಬೇರೆ ಸೂಜಿ ಕೊಟ್ಟರು, ಆಕ್ಸಿಜನ್ ಹಾಕಿದರು. ಕಾಲುಂಗುರದ ಸದ್ದು ನಿಂತಾಗ ಅವಳು ಸತ್ತಳೆಂದುಕೊಂಡೆ. ಉಸಿರಾಡುತ್ತಿದ್ದಳು. ಸಾಬರು ಅವಳ ತಲೆಯ ಹತ್ತಿರ ನಿಂತು, "ಉಸ್ರು ಎಳ್ಕಾ, ಎಳ್ಕಾ ಅಂತೀನಿ, ಕಿವಿ ಕೇಳಲ್ವೇನೇ ಕುರಿ ಗಂಗಮ್ಮ" ಎಂದು ಗದರುತ್ತಲೇ ಇದ್ದರು.

ಬದುಕಿದಳು. ಮೂರು ದಿನ ಇದ್ದು ಮನೆಗೆ ಹೋದಳು.

ಸಂಜೆ ಆಡಳಿತಾಧಿಕಾರಿ ಬಾಗಿಲು ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತ. "ಹನ್ನೊಂದೂ ಇಪ್ಪತ್ತರ ಸಾಲು ಇದೆಯಲ್ಲ, ಅದು ಇರ್ಲೇಬೇಕೇನ್ರೀ? ನಿಮ್ಮ ಭವಿಷ್ಯ ನೋಡ್ಕಳಿ." ನಾನು ನೋಡಿಕೊಂಡೆ. ಎರಡು ಕೀಲಿ ಒತ್ತಿದರೆ ಸಾಕಿತ್ತು. ಆ ಸಾಲಿನ ಜೊತೆಗೆ, ಪೆನ್ಸಿಲಿನ್ ವಿಷಯ ಕಂಪ್ಯೂಟರಿಗೆ ಗೊತ್ತಿತ್ತು ಎಂಬುದಕ್ಕಿದ್ದ ಸಾಕ್ಷಿಯೂ ಹೋಯಿತು. ಕೆಂಪು ಗೆರೆಯ ಅರ್ಥವನ್ನು ಯಾರಿಗೂ ತಿಳಿಸದೆ ಚೀಟಿ ಗುಮಾಸ್ತರು ಕರ್ತವ್ಯಲೋಪ ಮಾಡಿದ್ದಾರೆ ಎಂದು ಆತ ವರದಿ ಬರೆದ. ಸಾಬರನ್ನು ಕೆಲಸದಿಂದ ತೆಗೆದರು. ಗೈರುಹಾಜರಾದವರನ್ನು ತೆಗೆಯುವುದು ಸುಲಭ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಹತ್ತಿದ ಕೂಡಲೇ ಆ ಕಾಲುಂಗುರ. ಕೆಲವು ವಾರ ತಡೆದು, ಒಂದು ಮಧ್ಯಾಹ್ನ ಕೋಟೆ ಬೀದಿಯಲ್ಲಿದ್ದ ಸಾಬರ ಮನೆಗೆ ಹೋದೆ. ಒಳಗೆ ಹೆಂಗಸರು ದಖ್ಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಸಾಬರು ಜಗಲಿಯಲ್ಲಿದ್ದರು. ಸಾಲು ಅಳಿಸಿದ್ದನ್ನು ಅಳುತ್ತಲೇ ಹೇಳಿದೆ.

ಅವರು ಡಬ್ಬಿಯ ಮುಚ್ಚಳ ಎರಡು ಸಲ ತಟ್ಟಿದರು. "ನಂಗ್ಯಾಕ್ ಹೇಳ್ತೀಯ? ನಾನೇನ್ ಸಾಯ್ತಿದ್ನಾ ಅವತ್ತು? ಯಗಟಿಗ್ ಹೋಗು. ಸಾಯ್ತಿದ್ದೋಳ್ ಹತ್ರ ಹೇಳು."

"ನಿಮ್ಮ ಕೆಲಸ..."

"ಹೋಗಮ್ಮ, ಹೋಗು. ಟೀ ಕುಡ್ದು ಹೋಗು."

ಟೀ ಕುಡಿದೆ. ಯಗಟಿಗೆ ಹೋಗಲಿಲ್ಲ. ಮುಂದಿನ ಭಾನುವಾರ ಎಂದುಕೊಂಡೆ, ಆಮೇಲೆ ಇನ್ನೊಂದು ಭಾನುವಾರ... ಕಡೂರಿನಿಂದ ಎಷ್ಟು ಮಹಾ ದೂರ ಅದು!

ಮೊನ್ನೆಯ ಬಸ್ಸು ಯಗಟಿಯಲ್ಲಿ ನಿಂತಿತು. "ಯಾರ್ರೀ ಯಗಟಿ? ಬೇಗ ಇಳೀರಿ" ಎಂದು ಕಂಡಕ್ಟರ್ ಕೂಗಿದ. ನಶ್ಯದ ಮುದುಕರು ಎದ್ದರು. ನಾನು ಕಾಲು ಸರಿಸಿ ಅವರಿಗೆ ದಾರಿ ಬಿಟ್ಟು, ಕಿಟಕಿಯ ಹತ್ತಿರಕ್ಕೆ ಸರಿದು ಕೂತೆ. ಪಂಚನಹಳ್ಳಿಯಲ್ಲಿ ನನಗೊಂದು ಮದುವೆಯಿತ್ತು.

ಸಾಬರು ಈಗಿಲ್ಲ. ನಾನು ಟೀ ಕುಡಿದು ಬಂದ ವರ್ಷವೇ ತೀರಿಕೊಂಡರು. ಸುದ್ದಿ ಸಿಕ್ಕಿದ್ದು ನಾಲ್ಕು ದಿನ ತಡವಾಗಿ, ಒಂದು ಬುಧವಾರ. ಯಗಟಿಗೆ ಹೋದೆಯಾ ಎಂದು ಕೇಳುವವರು ಇನ್ನು ಯಾರೂ ಇರಲಿಲ್ಲ. ಕಣ್ಣೀರು ಹಾಕಿದೆ, ಊಟ ಮಾಡಿದೆ, ಮಲಗಿದೆ. ಎಚ್ಚರವಾದಾಗ ಬೆಳಕು ಹರಿದಿತ್ತು. ಎಷ್ಟೋ ತಿಂಗಳ ಮೇಲೆ, ಒಂದು ಸಲವೂ ಎದ್ದು ಕೂರದೆ ನಾನು ರಾತ್ರಿಯಿಡೀ ನಿದ್ದೆ ಮಾಡಿದ್ದು ಅವತ್ತೇ.